ಬೆನ್ನು ತಿರುಗಿಸಿದ ಚಿತ್ರ

ಮಗಳು ದೀಪಿಕ ಮಂಡ್ಯದಲ್ಲಿ ಚಿತ್ರಪ್ರದರ್ಶನ ಇಟ್ಟಿದ್ದಳು. ಮೂರು ದಿನದ ಪ್ರದರ್ಶನಕ್ಕೆ ಎರಡು ದಿನ ಶಿವರಾಜು ಹೋಗಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ರಜ ಸಿಗಲಿಲ್ಲ ಎಂದು ಹೆಂಡತಿಗೆ ಹೇಳಿದ. ನಿಜಕ್ಕೂ ಅವನಿಗೆ ಅಂಜಿಕೆ. ಅಲ್ಲಿದ್ದ ಚಿತ್ರಗಳೆಲ್ಲ ದೀಪಿಕ ತನ್ನನ್ನೇ ಬರೆದುಕೊಂಡವು, ತೊನ್ನು ಹಬ್ಬಿದ ಅವಳ ಕೈ, ಕತ್ತು, ಮುಖದವು.

ಚಿಕ್ಕಂದಿನಲ್ಲಿ ಶುರುವಾದ ಬಿಳುಪು ಅದು. ಒಂದು ಮದುವೆ ಊಟದಲ್ಲಿ ಜನ ಅವಳ ಪಕ್ಕದ ಎಲೆ ಬಿಟ್ಟು ಕೂತದ್ದನ್ನು ಕಂಡು ಶಿವರಾಜುವೇ ತುಂಬುತೋಳಿನ ಬಟ್ಟೆ ಹೊಲಿಸಿ ತಂದಿದ್ದ. ಬಿರುಬೇಸಿಗೆಯಲ್ಲೂ ಅವಳು ಅದನ್ನೇ ತೊಟ್ಟಳು. ಯಾಕೆಂದು ಒಮ್ಮೆಯೂ ಕೇಳಲಿಲ್ಲ.

ಮೂರನೆಯ ದಿನ ಮನಸ್ಸು ತಡೆಯದೆ ತನ್ನೂರು ಭಾರತೀನಗರದಲ್ಲಿ ಮಂಡ್ಯದ ಬಸ್ಸು ಹತ್ತಿದ. ಹಾಲ್‌ನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ, ಮೊದಲ ಚಿತ್ರದ ಮುಂದೆ ಒಬ್ಬ ಹೆಂಗಸು ಲೊಚಗುಟ್ಟುತ್ತಿದ್ದಳು.

"ಪಾಪ, ಯಾರೆತ್ತ ಮಗ್ಳೋ! ಯಾರ್ ಮದ್ವೆ ಆಯ್ತರೆ?"

ಶಿವರಾಜುವಿಗೆ ತಡೆಯಲಾಗಲಿಲ್ಲ. "ನನ್ ಮಗ್ಳು ಕಣಮ್ಮ. ಪಾಪ ಅನ್ಬ್ಯಾಡಿ. ಚಿತ್ರ ಎಂಗದೆ ಅದ ಏಳಿ."

ಹೆಂಗಸು ತಬ್ಬಿಬ್ಬಾಗಿ ಇನ್ನೊಮ್ಮೆ, ನಿಧಾನವಾಗಿ ನೋಡಿದಳು. "ಸಂದಾಗದೆ ಕಣಣ್ಣ. ಕಣ್ಣು ಮಾತಾಡ್ದಂಗದೆ."

ದೂರದಲ್ಲಿದ್ದ ದೀಪಿಕ ಎಲ್ಲ ಕೇಳಿಸಿಕೊಂಡಿದ್ದಳು. ಅವತ್ತು ಅವಳು ತೊಟ್ಟಿದ್ದು ಅರ್ಧತೋಳಿನ ಬಟ್ಟೆ. ಬಂದು ಅಪ್ಪನ ಕೈ ಹಿಡಿದು ಒಂದೊಂದೇ ಚಿತ್ರ ತೋರಿಸುತ್ತ ಹೋದಳು. ಕೊನೆಯದರಲ್ಲಿ ತುರುಬು ಕಟ್ಟಿ, ಬೆನ್ನು ತಿರುಗಿಸಿ ನಿಂತಿದ್ದಳು. ಶಿವರಾಜು ಅಲ್ಲೇ ನಿಂತುಬಿಟ್ಟ.

"ಇದ್ರಲ್ಲಿ ಒಂದು ಬುಟ್ಟೋಗದೆ ಮಗ."

"ಏನಪ್ಪ?"

"ಜಡೆ ಬುಡದಲ್ಲಿ, ಕತ್ತಿಂದೆ ಒಂದ್ ಬಿಳಿ ಮಚ್ಚೆ ಅದೆ. ನಿನ್ಗೆ ಕಾಣಾಕಿಲ್ಲ." ಅವನ ದನಿ ಇಳಿಯಿತು. "ಮೊದ್ಲು ಬಂದಿದ್ದೇ ಅದು. ನಿಮ್ಮವ್ವ ಬೆಳಿಗ್ಗೇನೆ ಕೆಲ್ಸಕ್ಕೋಗೋಳು, ನಾನೇ ಜಡೆ ಆಕ್ತಿದ್ನಲ್ಲ, ಆಗ ಕಂಡೆ. ಒಂದ್ ವರ್ಸ ಯಾರ್ಗೂ ಏಳ್ನಿಲ್ಲ. ಏಳ್ದೆ ಇದ್ರೆ ಓಯ್ತದೆ ಅನ್ಕಂಡಿದ್ದೆ."

ದೀಪಿಕ ಅಪ್ಪನನ್ನೇ ದಿಟ್ಟಿಸಿದಳು. "ಅದು ಕಾಣ್ದಿರ್ಲಿ ಅಂತ್ಲಾ ಅಷ್ಟ್ ಸಡ್ಲವಾಗಿ, ಕೆಳಿಕ್ಕೆ ಜಡೆ ಆಕ್ತಿದ್ದಿದ್ದು? ನಿನ್ಗೆ ಜಡೆ ಆಕಾಕೆ ಬರಾಕಿಲ್ಲ ಅಂತಿದ್ನಲ್ಲಪ್ಪ ನಾನು!"

ಇಬ್ಬರಿಗೂ ನಗು ಬಂತು. ಶಿವರಾಜುವಿನ ಕಣ್ಣೂ ತುಂಬಿಬಂತು.

ಬಂದವರಿಗೆ ಬರೆದು ತೋರಿಸಲೆಂದು ಇಟ್ಟಿದ್ದ ಬಣ್ಣ ಮೂಲೆಯಲ್ಲಿತ್ತು. ದೀಪಿಕ ತಿಳಿಬಣ್ಣ ಕಲಸಿ ಕುಂಚವನ್ನು ಅಪ್ಪನ ಕೈಗಿಟ್ಟಳು. "ನೋಡಿರೋನು ನೀನು. ನೀನೇ ಬರಿ."

ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಮಗಳು ಕೂದಲೆತ್ತಿ ಕತ್ತು ತೋರಿಸಿದಳು. ಅಂದು ಹುಣಸೆಬೀಜದಷ್ಟಿದ್ದುದು ಈಗ ಎಳೆ ವೀಳ್ಯದೆಲೆಯಷ್ಟಾಗಿತ್ತು. ಅದನ್ನು ನೋಡಿ ನೋಡಿ, ಉಸಿರು ಬಿಗಿಹಿಡಿದು ಬರೆದ.

"ಸೊಟ್ಟಗಾಯ್ತಲ್ಲವ್ವ."

"ಇರ್ಲಿ ಬುಡಪ್ಪ, ನಂದೂ ಸೊಟ್ಟಗೇ ಅದೆ."

ಶಿವರಾಜು ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಮಾಡಿದ. "ಲೇ, ನೀನೂ ಕೆಲ್ಸ ಬುಟ್ಟು ಈಗ್ಲೇ ಮಂಡ್ಯದ ಬಸ್ಸತ್ತು. ಆರ್ ಗಂಟೆಗೆ ಮುಚ್ಬುಡ್ತರೆ."