ಲೈಲ್ ರೆನಿಕ್‌ನ ಒಂದೇ ಟೆಸ್ಟ್

ಲೈಲ್ ರೆನಿಕ್ ಏಳು ವರ್ಷ ನಮ್ಮ ಸ್ಟುಡಿಯೋದ ಕರಾರಿನ ನಟನಾಗಿದ್ದ. ಆ ಏಳು ವರ್ಷ ಕ್ಯಾಮೆರಾ ನೋಡಿದ್ದು ಬಹುಪಾಲು ಅವನ ಬೆನ್ನನ್ನು.

ಹೊಸಬರನ್ನು ಸೇರಿಸಿಕೊಳ್ಳುವ ಮೊದಲು ಸ್ಟುಡಿಯೋದವರು ಅವರಿಂದ ಒಂದು ದೃಶ್ಯ ಆಡಿಸಿ ಚಿತ್ರ ತೆಗೆಯುತ್ತಿದ್ದರು. ಟೆಸ್ಟ್ ಎಂದರೆ ಅದು. ಹೊಸಬನ ಮುಖ ಕ್ಯಾಮೆರಾದ ಕಡೆಗಿರುತ್ತಿತ್ತು. ಅವನೆದುರು, ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತು ಮಾತು ಕೊಡಲು ಒಬ್ಬ ಬೇಕಿತ್ತು. ಆ ಒಬ್ಬ ಲೈಲ್. ಹೊಸಬ ತೊದಲಿದರೆ ಲೈಲ್ ತಾನೂ ಒಂದು ಕ್ಷಣ ತಡೆದು ಆ ತೊದಲು ದುಃಖದ್ದು ಅನ್ನಿಸುವಂತೆ ಮಾಡುತ್ತಿದ್ದ. ಹೊಸಬನ ಮುಖ ನೆರಳಿಗೆ ಹೋದರೆ ಅರ್ಧ ಹೆಜ್ಜೆ ಸರಿದು, ಭುಜ ತಿರುಗಿಸಿ, ಕಣ್ಣಿನಲ್ಲೇ ಅವನನ್ನು ಬೆಳಕಿಗೆ ಎಳೆದು ತರುತ್ತಿದ್ದ. ಹೀಗೆ ಬೆಳಕಿಗೆ ಬಂದ ಹನ್ನೊಂದು ಮಂದಿಗೆ ಕರಾರು ಸಿಕ್ಕಿತ್ತು. ಅವರಲ್ಲೊಬ್ಬನ ಮುಖ ಸನ್‌ಸೆಟ್ ರಸ್ತೆಯ ಫಲಕದ ಮೇಲೆ ಮೂರು ಅಂತಸ್ತಿನಷ್ಟು ಎತ್ತರಕ್ಕಿತ್ತು. ಗೇಟಿನಲ್ಲಿ ಎದುರಾದರೆ ಆತ ಕಾರಿನ ಗಾಜು ಇಳಿಸಿ, "ಏನ್ ಗುರು, ಹೇಗಿದ್ದೀಯ?" ಎನ್ನುತ್ತಿದ್ದ. ಲೈಲ್‌ನ ಹೆಸರು ಅವನಿಗೆ ನೆನಪಿರಲಿಲ್ಲ.

ಆ ಹೆಸರೂ ಸ್ಟುಡಿಯೋ ಕೊಟ್ಟದ್ದೇ. ಹುಟ್ಟುವಾಗ ಅವನು ಲಾಡಿಸ್ಲಾವ್ ಹ್ರುಸ್ಕಾ, ಒಮಾಹಾದ ಕಸಾಯಿಯೊಬ್ಬನ ಮಗ. ಯುದ್ಧದ ಕಾಲ, ಗಂಡಸರೆಲ್ಲ ಸೈನ್ಯಕ್ಕೆ ಹೋಗಿದ್ದರು, ಒಂದು ಕಿವಿ ಮಂದವೆಂದು ಸೈನ್ಯ ಇವನನ್ನು ಬೇಡವೆಂದಿತ್ತು. ಪಾಸಡೀನಾದಲ್ಲಿ ನಾಟಕವಾಡುತ್ತಿದ್ದವನನ್ನು ಸ್ಟುಡಿಯೋದವರು ಯಾವ ಟೆಸ್ಟೂ ಇಲ್ಲದೆ ಕರೆತಂದರು. ಮೊದಲ ಚಿತ್ರದಲ್ಲಿ ಮುಳುಗಿ ಸಾಯುವ ನಾವಿಕ. ಎರಡನೆಯದರಲ್ಲಿ ಎರಡು ಮಾತಿನ ತಂತಿ ಕಚೇರಿಯ ಗುಮಾಸ್ತ. ಒಂದು ಮಾತನ್ನು ಕತ್ತರಿಸಿದರು. ಆಮೇಲೊಂದು ದಿನ ಟೆಸ್ಟಿಗೆ ಮಾತು ಕೊಡುವವನು ಜ್ವರ ಬಂದು ಮಲಗಿದ, ಲೈಲ್ ಅವನ ಜಾಗದಲ್ಲಿ ನಿಂತ, ಬಹಳ ಚೆನ್ನಾಗಿ ನಿಂತ. ಅಲ್ಲಿಗೆ ಮುಗಿಯಿತು.

ದೀಪಗಳನ್ನು ನೋಡಿಕೊಳ್ಳುವ ಬೆಳಕಿನ ಹುಡುಗರು ಅವನನ್ನು ಬೆನ್ನಯ್ಯ ಎಂದು ಕರೆಯುತ್ತಿದ್ದರು. "ಬೆನ್ನಯ್ಯ, ಇವತ್ತು ಯಾರ ಅದೃಷ್ಟ?" ಎಂದರೆ, "ನಿನ್ನದಂತೂ ಅಲ್ಲ, ನಿನ್ನ ಮೂತಿಗೆ ನಾನು ಯಾವ ಕಡೆ ತಿರುಗಿದ್ರೂ ಪ್ರಯೋಜನ ಇಲ್ಲ" ಎನ್ನುತ್ತಿದ್ದ.

ನಾನು ನೋರೀನ್. ಐವತ್ತೊಂದನೆಯ ಇಸವಿಯಲ್ಲಿ ನನಗೆ ಇಪ್ಪತ್ಮೂರು. ಆರು ತಿಂಗಳ ಕರಾರಿನ ಹುಡುಗಿ. ಹೊಸ ಅಂಗಡಿಗಳ ಬಾಗಿಲಲ್ಲಿ ನಿಂತು ರಿಬ್ಬನ್ ಕತ್ತರಿಸುವುದು, ಈಜುಡುಗೆಯಲ್ಲಿ ಕಿತ್ತಳೆ ಬುಟ್ಟಿ ಹಿಡಿದು ಫೋಟೋ ತೆಗೆಸಿಕೊಳ್ಳುವುದು ನನ್ನ ನಟನೆ. ಆ ವರ್ಷ ಮನೆಮನೆಗೆ ಟೆಲಿವಿಷನ್ ಬಂದು ಚಿತ್ರಮಂದಿರಗಳು ಖಾಲಿಯಾಗುತ್ತಿದ್ದವು. ಸ್ಟುಡಿಯೋ ಪ್ರತಿ ಶುಕ್ರವಾರ ಜನರನ್ನು ಬಿಡುತ್ತಿತ್ತು. ನನ್ನ ಆರು ತಿಂಗಳು ಜೂನಿಗೆ ಮುಗಿಯುತ್ತಿದ್ದವು. ಲೈಲ್‌ನ ಏಳನೆಯ ವರ್ಷವೂ ಆಗಲೇ.

ಆಗ ಅವನಿಗೊಂದು ಪಾತ್ರ ಕಣ್ಣಿಗೆ ಬಿತ್ತು. ರೈಲು ಹಳಿ ಬದಲಿಸುವ ಕೆಲಸದವನು. ಅವನ ತಪ್ಪಿನಿಂದ ಒಂಬತ್ತು ಜನ ಸತ್ತಿರುತ್ತಾರೆ. ಜೈಲು ಮುಗಿಸಿ ಅದೇ ಊರಿಗೆ ಮರಳುತ್ತಾನೆ. ದೊಡ್ಡ ನಟರು ಮೂವರು ಬೇಡವೆಂದಿದ್ದರು. ಲೈಲ್ ಪಾತ್ರ ಹಂಚುವ ಅಧಿಕಾರಿ ಪ್ರೆಲ್‌ನ ಕೋಣೆಯ ಮುಂದೆ ನಾಲ್ಕು ದಿನ ಕುಳಿತ. ಐದನೆಯ ದಿನ ಪ್ರೆಲ್ ಬಾಗಿಲಲ್ಲೇ ನಿಂತು ಹೇಳಿದನಂತೆ: "ಶುಕ್ರವಾರ ನಾಲ್ಕು ಗಂಟೆಗೆ ಅರ್ಧ ಗಂಟೆ ಸ್ಟೇಜು ಖಾಲಿ ಇದೆ. ಎರಡು ಟೇಕ್. ಸರಿ ಬಂತೋ, ಪಾತ್ರಾನೂ ನಿಂದೇ, ಕರಾರೂ ಮುಂದುವರಿಯುತ್ತೆ. ಇಲ್ಲಾಂದ್ರೆ ನಾವು ಸ್ನೇಹಿತರಾಗೇ ಇರೋಣ."

ಎದುರು ಮಾತು ಕೊಡಲು ನನ್ನನ್ನು ಕೊಟ್ಟರು. ಸತ್ತವನೊಬ್ಬನ ತಂಗಿಯ ಪಾತ್ರ, ಆ ದೃಶ್ಯದಲ್ಲಿ ಹತ್ತು ಸಾಲು. ನಾನು ಬೇರೆ ಯಾವುದಕ್ಕೂ ಬೇಕಾಗಿರಲಿಲ್ಲ, ಅದಕ್ಕೇ.

ಒಂದು ವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾವು ಸಾಮಾನಿನ ಉಗ್ರಾಣದ ಹಿಂದೆ, ಚರ್ಚಿನ ದೃಶ್ಯಗಳಿಗೆಂದು ಪೇರಿಸಿಟ್ಟಿದ್ದ ಬೆಂಚುಗಳ ನಡುವೆ ಅಭ್ಯಾಸ ಮಾಡಿದೆವು. ಅವನ ಹೆಂಡತಿ ವಿಲ್ಮಾ ಕಟ್ಟಿಕೊಟ್ಟ ಮೊಟ್ಟೆಯ ಸ್ಯಾಂಡ್‌ವಿಚ್‌ನಲ್ಲಿ ನನಗೂ ಅರ್ಧ.

"ಪಾತ್ರ ಸಿಗದಿದ್ರೆ ಏನ್ಮಾಡ್ತೀರಿ?" ಎಂದು ಕೇಳಿದೆ.

"ಒಮಾಹಾದಲ್ಲಿ ವಿಲ್ಮಾನ ತಮ್ಮಂದು ಮಾಂಸದ ಗೋದಾಮಿದೆ. ಐಸ್ ಕೋಣೆ. ಅಲ್ಲಿ ಕೊಕ್ಕೆಗೆ ನೇತುಹಾಕಿರೋ ದನಗಳದ್ದೂ ಬರೀ ಬೆನ್ನೇ ಕಾಣೋದು. ನನಗೆ ಅನುಭವ ಇದೆ ಅಂತ ತಗೋತಾನೆ." ನಕ್ಕ. ನಂತರ ನಗುವನ್ನು ತೆಗೆದಿಟ್ಟು, "ಅಪ್ಪನ ಅಂಗಡಿಯಿಂದ ಓಡಿ ಬಂದೋನು ನಾನು, ನೋರೀನ್. ನಲವತ್ತೊಂದು ವರ್ಷಕ್ಕೆ ಅದೇ ವಾಸನೆಗೆ ವಾಪಸ್ ಹೋಗೋಕಾಗಲ್ಲ" ಎಂದ.

ಅವನು ನನಗೆ ಕಲಿಸಿದ. ಯಾರೂ ಕಲಿಸದ್ದನ್ನು. "ಮಾತು ನೆನಪಿಟ್ಕೋಬೇಡ, ಕೇಳಿಸ್ಕೋ. ಸುಮ್ನೆ ಕೇಳಿಸ್ಕೊಂಡ್ರೆ ಮುಖ ತಾನೇ ಕೆಲಸ ಮಾಡುತ್ತೆ. ಇನ್ನೊಂದು: ಎದುರಿನವನು ಆವೇಶದಲ್ಲಿ ಅತ್ತಿತ್ತ ಸರಿದ್ರೆ ನೀನು ಅವನ ಹಿಂದೆ ತಿರುಗಬೇಡ. ನೆಲದ ಮೇಲೆ ನಿನಗೆ ಅಂತ ಸೀಮೆಸುಣ್ಣದ ಗುರುತು ಹಾಕಿರ್ತಾರೆ, ಗೂಟ ಹೊಡೆದ ಹಾಗೆ ಅಲ್ಲೇ ನಿಂತಿರು. ನಿನ್ನ ಕಣ್ಣು ಹುಡುಕ್ಕೊಂಡು ಅವನೇ ಜಾಗಕ್ಕೆ ಬರ್ತಾನೆ."

"ನೀವೂ ಸರೀತೀರಾ?"

"ನಾನಾ? ಏಳು ವರ್ಷದಿಂದ ಇನ್ನೊಬ್ಬರನ್ನ ಸರಿಪಡಿಸೋದೇ ನನ್ನ ಕೆಲಸ ಕಣಮ್ಮ."

ಶುಕ್ರವಾರ ಬಂತು. ಟೆಸ್ಟುಗಳನ್ನು ತೆಗೆಯುವ ನಿರ್ದೇಶಕ ಹ್ಯಾಡ್ಲಿ ಮೂರು ಟೆಸ್ಟ್ ಮುಗಿಸಿ ಸುಸ್ತಾಗಿದ್ದ. ಲೈಲ್ ಮೊದಲ ಬಾರಿಗೆ ಆ ಕಡೆ ಹೋಗಿ ನಿಂತ, ಮುಖ ಕ್ಯಾಮೆರಾಕ್ಕೆ ಮಾಡಿ. ಬೆಳಕಿನ ಹುಡುಗನೊಬ್ಬ ಮೇಲಿನಿಂದ ಕೂಗಿದ: "ಹ್ಯಾಡ್ಲಿ ಸರ್, ಇಲ್ಯಾರೋ ಅಪರಿಚಿತರು ಬಂದಿದ್ದಾರೆ." ಎಲ್ಲರೂ ನಕ್ಕರು. ಲೈಲ್ ಟೋಪಿ ತೆಗೆದು ಪರಿಚಯ ಮಾಡಿಕೊಳ್ಳುವವನಂತೆ ತಲೆಬಾಗಿದ.

ಮೊದಲ ಟೇಕ್.

"ನಾನು ಕ್ಷಮೆ ಕೇಳೋಕೆ ಬಂದಿಲ್ಲ," ಎಂದು ಶುರುಮಾಡಿದ. "ನಿಮ್ಮಣ್ಣ ಕೊನೇಲಿ ಏನಂದ ಅಂತ ಹೇಳೋಕೆ ಬಂದೆ. ಅದನ್ನ ಕೇಳಿಸ್ಕೊಂಡೋನು ನಾನೊಬ್ಬನೇ."

ಬೆಂಚುಗಳ ನಡುವೆ ಕೇಳಿದ್ದಕ್ಕಿಂತ ಹತ್ತು ಪಾಲು ಚೆನ್ನಾಗಿತ್ತು. ನಾನು ಕೇಳಿಸಿಕೊಳ್ಳುತ್ತಿದ್ದೆ. ಆಗ ನನ್ನ ಎಡಗೆನ್ನೆ ಬಿಸಿಯಾಯಿತು. ಒಂದು ಕ್ಷಣ ಏನೆಂದು ತಿಳಿಯಲಿಲ್ಲ. ನಂತರ ತಿಳಿಯಿತು: ಬೆಳಕು. ಲೈಲ್ ಅರ್ಧ ಹೆಜ್ಜೆ ಸರಿದಿದ್ದ. ಅವನ ಭುಜ ಕ್ಯಾಮೆರಾದ ಕಡೆ ಬಂದಿತ್ತು, ಅವನನ್ನು ನೋಡುತ್ತ ನಾನೂ ತಿರುಗಿದ್ದೆ.

"ಕಟ್," ಎಂದ ಹ್ಯಾಡ್ಲಿ. "ಲೈಲ್, ಬೆನ್ನು."

"ಏನು?"

"ನಿನ್ನ ಟೆಸ್ಟಯ್ಯ ಇದು. ನಿನ್ನ ಮುಖ ತೋರ್ಸು. ಬೆಳಕು ಅವಳಿಗ್ಯಾಕೆ ಕೊಡ್ತಿದ್ದೀಯ?"

ಲೈಲ್ ನಕ್ಕ, ಎಲ್ಲರಿಗಿಂತ ಜೋರಾಗಿ. "ಅಭ್ಯಾಸ ನೋಡು. ಹಗ್ಗ ಬಿಚ್ಚಿದ್ರೂ ನಾಯಿ ಕಂಬ ಸುತ್ತುತ್ತೆ ಅನ್ನೋ ಹಾಗೆ ಆಯ್ತು ನನ್ನ ಕತೆ."

ಎರಡನೆಯ ಟೇಕ್. ಮೊದಲರ್ಧ ಸರಿಯಾಗಿ ನಿಂತ, ಮುಖ ಬೆಳಕಿಗೆ ಕೊಟ್ಟು. ಆದರೆ ನಿಂತಿದ್ದಾನೆ ಎನ್ನುವುದೇ ಕಾಣುತ್ತಿತ್ತು, ಮಾತುಗಳು ಸತ್ತಿದ್ದವು. ಅದು ಅವನಿಗೂ ಗೊತ್ತಾಯಿತು. ಕಣ್ಣಿನಲ್ಲಿ ಏನೋ ಬಿಟ್ಟುಕೊಟ್ಟ, ಪಾತ್ರದೊಳಗೆ ಇಳಿದ. ಇಳಿಯುತ್ತಿದ್ದಂತೆ ತಿರುಗತೊಡಗಿದ. ನಟನೆ ಒಳ್ಳೆಯದಾದಷ್ಟೂ ಬೆನ್ನು ಕ್ಯಾಮೆರಾಕ್ಕೆ ಹತ್ತಿರವಾಗುತ್ತಿತ್ತು. ಏಳು ವರ್ಷದಲ್ಲಿ ಅವನ ಒಳ್ಳೆಯ ನಟನೆಯೂ ಆ ತಿರುವೂ ಒಂದೇ ಆಗಿಬಿಟ್ಟಿದ್ದವು.

ನಾನು ನಿಲ್ಲಬಹುದಿತ್ತು. ಗುರುತು ಎಲ್ಲಿದೆಯೆಂದು ಕಣ್ಣು ಕೆಳಗೆ ಮಾಡಿ ನೋಡಿದೆ ಕೂಡ. ಅಲ್ಲೇ ಗೂಟದಂತೆ ನಿಂತಿದ್ದರೆ ಅವನು ನನ್ನ ಕಣ್ಣು ಹುಡುಕುತ್ತ ಮರಳುತ್ತಿದ್ದ. ನನ್ನ ಕಾಲು ಗುರುತು ಬಿಟ್ಟಿತು. ನಾನು ಅವನ ಜೊತೆ ತಿರುಗಿದೆ, ಪೂರ್ತಿ, ಗಲ್ಲ ಸ್ವಲ್ಪ ಎತ್ತಿದೆ. ಬೆಳಕು ಮುಖದ ತುಂಬ ಬಿತ್ತು. ಅವನು ನನ್ನ ಅಣ್ಣನ ಕೊನೆಯ ಮಾತು ಹೇಳಿದಾಗ ನನಗೆ ಕಣ್ಣೀರು ಬಂತು. ಅದು ನಿಜವಾದ ಕಣ್ಣೀರು. ಅದನ್ನು ತರಿಸಿದ್ದು ಅವನು.

"ಕಟ್. ಬಹಳ ಚೆನ್ನಾಗಿತ್ತು," ಎಂದ ಹ್ಯಾಡ್ಲಿ, ಕೈಗಡಿಯಾರ ನೋಡುತ್ತ. ಅವನು ಯಾರಿಗೆ ಹೇಳಿದನೋ.

ಲೈಲ್ ನನ್ನ ತೋಳು ಹಿಡಿದು ಮೂಲೆಗೆ ಕರೆದೊಯ್ದ. ದೀಪಗಳು ಇನ್ನೂ ಉರಿಯುತ್ತಿದ್ದವು.

"ನಿಜ ಹೇಳು. ತಿರುಗಿದ್ನಾ?"

ನಾನು ದೀಪಗಳ ಕಡೆ ನೋಡಿದೆ.

"ಒಳಗಿದ್ದಾಗ ಏನೂ ಗೊತ್ತಾಗಲ್ಲ ನನಗೆ. ತಿರುಗಿದ್ದೆ ಅಂತ ನೀನಂದ್ರೆ ಹ್ಯಾಡ್ಲಿ ಕಾಲು ಹಿಡಿದಾದ್ರೂ ಇನ್ನೊಂದ್ಸಲ ಮಾಡಿಸ್ತೀನಿ. ದೀಪ ಆರಿಸೋಕೆ ಮುಂಚೆ ಹೇಳು."

"ಇಲ್ಲ," ಎಂದೆ. "ತಿರುಗಲಿಲ್ಲ."

ಅವನು ನನ್ನ ಹಣೆಗೆ ಮುತ್ತಿಟ್ಟ. ನಂತರ ಗೋಡೆಯ ಫೋನಿನಲ್ಲಿ ಹೆಂಡತಿಗೆ, "ವಿಲ್ಮಾ, ನಿನ್ನ ತಮ್ಮನಿಗೆ ಕಾಗದ ಬರೀಬೇಡ. ಇಲ್ಲ ಇಲ್ಲ, ಏನೂ ಹೇಳಿಲ್ಲ ಇನ್ನೂ. ಆದ್ರೆ ಬರೀಬೇಡ" ಎಂದ. ದೀಪಗಳು ಒಂದೊಂದಾಗಿ ಆರಿದವು.

ಸೋಮವಾರ ಪ್ರೆಲ್ ಟೆಸ್ಟ್ ನೋಡಿದ. ನೋಡಿ ಕೇಳಿದ್ದು ಒಂದೇ: "ಆ ಹುಡುಗಿ ಯಾರು?" ತಂಗಿಯ ಪಾತ್ರ ನನ್ನದಾಯಿತು. ಮೂರು ದೃಶ್ಯವಿದ್ದದ್ದು ಒಂಬತ್ತಕ್ಕೆ ಬೆಳೆಯಿತು. ನನಗೆ ಮೂರು ವರ್ಷದ ಕರಾರು. ಲೈಲ್‌ಗೆ ಎರಡು ಸಾಲಿನ ಕಾಗದ, ಧನ್ಯವಾದಗಳೊಂದಿಗೆ.

ಏನು ತಪ್ಪಿತೆಂದು ಅವನಿಗೆ ಅರ್ಥವಾಗಲಿಲ್ಲ. ಟೆಸ್ಟುಗಳನ್ನು ನಟರಿಗೆ ತೋರಿಸುವ ಪದ್ಧತಿಯಿರಲಿಲ್ಲ. ಆದರೆ ಪ್ರೊಜೆಕ್ಟರ್ ನಡೆಸುವ ಮುದುಕ ಅವನ ಸ್ನೇಹಿತ; ಬುಧವಾರ ಊಟದ ಹೊತ್ತಿಗೆ ಬಾ ಎಂದಿದ್ದ. ಲೈಲ್ ನನ್ನನ್ನು ಕ್ಯಾಂಟೀನಿನಿಂದ ಕರೆದುಕೊಂಡು ಹೋದ. "ಬಾ, ಎಲ್ಲಿ ತಪ್ಪಿತು ಅಂತ ಇಬ್ರೂ ನೋಡೋಣ. ನಿನ್ನ ಕಣ್ಣು ಚುರುಕು." ಬರುವುದಿಲ್ಲವೆನ್ನಲು ನನಗೆ ಕಾರಣ ಸಿಗಲಿಲ್ಲ.

ಇಪ್ಪತ್ತು ಕುರ್ಚಿಯ ಕೋಣೆ. ನಾವಿಬ್ಬರೇ. ಮೊದಲ ಟೇಕ್ ನೋಡಿ ಅವನು ಮೂಗಿನಲ್ಲೇ ನಕ್ಕ. ಎರಡನೆಯದು ಬಂತು. ಪರದೆಯ ಮೇಲೆ ಅವನ ಮುಖ ನಿಧಾನವಾಗಿ ತಿರುಗಿ ಹೊರಟುಹೋಯಿತು. ಅಗಲವಾದ ಬೆನ್ನು. ಅದರಾಚೆ ನನ್ನ ಮುಖ. ಕಣ್ಣು ಒಮ್ಮೆ ಕೆಳಗೆ ನೆಲಕ್ಕಿಳಿದು, ಮೇಲೆ ಬಂದು, ಬೆಳಕಿಗೆ ತೆರೆದುಕೊಂಡದ್ದು.

"ಇನ್ನೊಂದ್ಸಲ ಹಾಕು," ಎಂದ.

ಇನ್ನೊಂದು ಸಲ ಹಾಕಿದ ಮುದುಕ. ನಾನು ಬಾಗಿಲ ಕಡೆ ನೋಡುತ್ತಿದ್ದೆ.

"ಗುರುತು ನೋಡ್ದೆ ನೀನು," ಎಂದ ಲೈಲ್. ದನಿಯಲ್ಲಿ ಏನೂ ಇರಲಿಲ್ಲ.

"ಹೌದು."

"ನೋಡಿ, ಬಿಟ್ಟೆ."

"ಹೌದು."

"ಆಮೇಲೆ ಕೇಳಿದೆ ನಿನ್ನ."

ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು: ಜೂನ್ ಎಂದೋ, ರಿಬ್ಬನ್ ಎಂದೋ, ಕಿತ್ತಳೆ ಬುಟ್ಟಿ ಎಂದೋ. ಅವನು ಪರದೆಯನ್ನೇ ನೋಡಿದ. ಯಾರೂ ಹೇಳದಿದ್ದರೂ ಮುದುಕ ಮೂರನೆಯ ಸಲ ಹಾಕಿದ್ದ.

"ಗಲ್ಲ ಜಾಸ್ತಿ ಎತ್ತಿದ್ದೀಯ ಅಲ್ಲಿ," ಎಂದ ಕೊನೆಗೆ. "ಅಷ್ಟು ಎತ್ತಿದ್ರೆ ಬೇಕು ಅಂತ ಎತ್ತಿದ್ದು ಗೊತ್ತಾಗುತ್ತೆ. ಚಿತ್ರದಲ್ಲಿ ಹಾಗೆ ಮಾಡ್ಬೇಡ."

ನಾನು ಗಡಿಯಾರ ನೋಡಿದೆ. ಎರಡು ಗಂಟೆಗೆ ತಂಗಿಯ ಕಪ್ಪು ಉಡುಗೆಯ ಅಳತೆಗೆ ಕರೆದಿದ್ದರು. ಎದ್ದು ನಿಂತೆ. ಅವನು ತಿರುಗಲಿಲ್ಲ.

"ಹೋಗು," ಎಂದ. "ದರ್ಜಿಗಳು ಕಾಯಲ್ಲ."

ನಾನು ಹೋದೆ. ಎರಡಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಅಲ್ಲಿದ್ದೆ.