ಏಕನಾಥಮ್ಮನ ಬಾಯಿರುಚಿ

ಡಾಕ್ಟರ್ ದೇವಿಕಾ ಎಂಡೋಸ್ಕೋಪಿ ಕೊಳವೆಯನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಪರದೆಯ ಮೇಲೆ ಏಕನಾಥಮ್ಮನ ಅನ್ನನಾಳ ಎಳೆಮಗುವಿನ ಬಾಯಿಯ ಹಾಗೆ ಕೆಂಪಗೆ, ನುಣ್ಣಗೆ ಕಾಣುತ್ತಿತ್ತು. ಗಾಯವಿಲ್ಲ, ಗಂಟಿಲ್ಲ. ತಿಂಗಳ ಹಿಂದೆ ನೋಡಿದಾಗಲೂ ಹೀಗೇ ಇತ್ತು.

"ಮುಗೀತು ಕಣಮ್ಮ, ಕಚ್ಚಬೇಡ," ಎಂದಳು ತಲೆ ಹಿಡಿದಿದ್ದ ಪ್ಯಾರಿ ಬೀ. ಚಿತ್ರದುರ್ಗದ ಈ ಕ್ಲಿನಿಕ್ಕಿಗೆ ಇಪ್ಪತ್ತು ವರ್ಷದಿಂದ ಅವಳೇ ನರ್ಸು. "ನಮ್ಮ ಮೇಡಂ ಅರ್ಧ ಜಿಲ್ಲೆಯೋರ ಹೊಟ್ಟೆಯೊಳಗೆ ಇಣುಕಿ ಬಂದವ್ರೆ. ನಿಂದೇನು ಹೆಚ್ಚು?"

ಏಕನಾಥಮ್ಮ ಮಾರಿಕಣಿವೆ ಕಡೆಯ ಕುರಿ ಸಾಕುವ ಮನೆಯವಳು, ಐವತ್ತು ದಾಟಿದ ಹೆಂಗಸು. ಉಂಡದ್ದು ಎದೆಯಲ್ಲೇ ನಿಲ್ಲುತ್ತದೆ ಎಂಬುದು ಅವಳ ದೂರು. ಹೊಟ್ಟೆಯಲ್ಲಿ ಏನೂ ಸಿಗದಿದ್ದಾಗ ತಟ್ಟೆಯಲ್ಲಿ ಹುಡುಕುವುದು ದೇವಿಕಾಳ ಪದ್ಧತಿ. ಸೋಮವಾರದಿಂದ ಬಾಯಿಗಿಟ್ಟದ್ದನ್ನೆಲ್ಲ ಬರೆದು ತರಲು ಹೇಳಿದ್ದಳು. ಅತ್ತೆಗೆ ಓದುಬರಹ ಇಲ್ಲದ್ದರಿಂದ ಸೊಸೆ ಅಂಜಲಿ ಬರೆದು ತಂದಿದ್ದ ಹಾಳೆಯನ್ನು ಈಗ ಮೇಜಿನ ಮೇಲಿಟ್ಟಳು.

ಸೋಮವಾರ: ಹಾಲಲ್ಲಿ ನೆನೆಸಿದ ಬ್ರೆಡ್ಡು, ಅಂಚು ಕಿತ್ತಿದ್ದು. ಮಂಗಳವಾರ: ಅವಲಕ್ಕಿ, ಮೂರು ಚಮಚ. ಉಳಿದದ್ದು ಪೇಪರಿನಲ್ಲಿ ಸುತ್ತಿ ಕಸಕ್ಕೆ.

"ಮನೇಲಿ ಬ್ರೆಡ್ಡು ತಿಂತೀರೇನಮ್ಮ?"

"ಎಲ್ಲಿ ಬ್ರೆಡ್ಡು ಡಾಕ್ಟ್ರೆ!" ಅಂಜಲಿ ನಕ್ಕಳು. "ನಮ್ಮತ್ತೆ ಉಣ್ಣಾದು ಮುದ್ದೆ. ಬರಿಸಾದು ಮಾತ್ರ ಹಿಂಗೆ. ಹಟ."

"ಮುದ್ದೆ ಬಾಯಿಗಿಟ್ರೆ ಬ್ರೆಡ್ಡಿನ ರುಚಿ ಬರ್ತೈತೆ ತಾಯಿ, ನಾನೇನು ಮಾಡ್ಲಿ?" ಎಂದಳು ಏಕನಾಥಮ್ಮ.

"ಅಂಚು ಕಿತ್ತಿದ್ದು ಹೆಂಗೆ ಗೊತ್ತಾಯ್ತು?"

"ಕೈಗೆ ಗೊತ್ತಾಗ್ತೈತೆ."

ದೇವಿಕಾ ಮೊದಲ ಎರಡು ಸಾಲನ್ನು ಮತ್ತೊಮ್ಮೆ ಓದಿದಳು. ಸೋಮವಾರ ತನ್ನ ಮನೆಯಲ್ಲಿ ಬ್ರೆಡ್ಡಿನ ಅಂಚು ಕಿತ್ತವಳು ಅವಳು. ಮರುದಿನ ಗಂಡ ರಘುನಾಥ್ ಸ್ನಾನಕ್ಕೆ ಹೋದಾಗ ಅವಲಕ್ಕಿಯನ್ನು ಸುತ್ತಿ ಎಸೆದವಳೂ ಅವಳೇ. ಮೂರು ತಿಂಗಳಿಂದ ಗಟ್ಟಿಯಾದದ್ದು ಯಾವುದೂ ಇಳಿಯುತ್ತಿರಲಿಲ್ಲ. ರವಿಕೆ ಸಡಿಲವಾಗಿತ್ತು. ಬೇರೆ ಯಾರಾದರೂ ಬಂದು ಇದನ್ನೇ ಹೇಳಿದ್ದರೆ ಅದೇ ದಿನ ಮಲಗಿಸಿ ಕೊಳವೆ ಇಳಿಸುತ್ತಿದ್ದಳು. ಐವತ್ತೆರಡರ ವಯಸ್ಸಿನಲ್ಲಿ ಇದಕ್ಕೆ ಏನು ಹೆಸರಿರಬಹುದು ಎಂದು ಅವಳಿಗೆ ಗೊತ್ತು. ಗೊತ್ತಿದ್ದರಿಂದಲೇ ಆ್ಯಸಿಡಿಟಿ ಮಾತ್ರೆ ನುಂಗಿಕೊಂಡು ದಿನ ದೂಡಿದ್ದಳು.

ಬುಧವಾರ: ಉಪ್ಪಿಟ್ಟು. ಎದೆಯಲ್ಲಿ ನಿಂತಿತು. ಸದ್ದು ಕೇಳದ ಹಾಗೆ ನಲ್ಲಿ ಬಿಟ್ಟು ಕಕ್ಕಿದ್ದು.

"ಅವತ್ತು ಅತ್ತೆ ಕಕ್ಕಲೇ ಇಲ್ಲ ಡಾಕ್ಟ್ರೆ," ಅಂಜಲಿ ದನಿ ತಗ್ಗಿಸಿದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ. "ಹಿತ್ತಲಾಗೆ ಬಗ್ಗಿ ಸುಮ್ನೆ ನಿಂತಿದ್ರು. ಕೈಯಾಗೆ ನಲ್ಲಿ ತಿರುವಿದಂಗೆ ಮಾಡಾರು. ನಮ್ಮ ಹಿತ್ತಲಾಗೆ ನಲ್ಲಿ ಇಲ್ಲ."

ಕೊನೆಯದು ನಿನ್ನೆಯದು. ಗುರುವಾರ: ಉಂಡಿಲ್ಲ. ಮನೆಯಲ್ಲಿ 'ಕ್ಲಿನಿಕ್ಕಲ್ಲಿ ಉಂಡೆ' ಅಂದೆ, ಕ್ಲಿನಿಕ್ಕಲ್ಲಿ 'ಮನೆಯಲ್ಲಿ ಉಂಡೆ' ಅಂದೆ.

ಪ್ಯಾರಿ ಬೀ ಕುತ್ತಿಗೆ ಚಾಚಿ ಬಗ್ಗುವಷ್ಟರಲ್ಲಿ ದೇವಿಕಾ ಹಾಳೆಯನ್ನು ಮಡಚಿಬಿಟ್ಟಳು. ನಿನ್ನೆ ದೇವಿಕಾ ಹೇಳಿದ ಆ ಸುಳ್ಳು ಕೇಳಿ "ಸರಿ ಬಿಡ್ರಿ" ಎಂದು ತನ್ನ ಬುತ್ತಿ ಬಿಚ್ಚಿಕೊಂಡವಳು ಇದೇ ಪ್ಯಾರಿ ಬೀ.

"ಎರಡು ಸಲ ನೋಡಿದ್ರಿ. ನನಗೇನೂ ಇಲ್ಲ ಅಂತೀರಿ," ಏಕನಾಥಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ಮುಖದಲ್ಲಿ ಕುಹಕವಾಗಲಿ ಭಯವಾಗಲಿ ಇರಲಿಲ್ಲ, ಬರೀ ದಣಿವಿತ್ತು. "ಹಂಗಾರೆ ಇದು ಯಾರ್ದು ತಾಯಿ? ಯಾರಾರ ಆಗ್ಲಿ, ಬೇಗ ತೋರಿಸ್ಕಳ್ಳಿ. ನನ್ ಕೈಲಿ ಹೊರಾಕೆ ಆಗ್ತಿಲ್ಲ."

ಅತ್ತೆ ಸೊಸೆ ಇಬ್ಬರೂ ಹೊಸ್ತಿಲು ದಾಟಿ ಹೋದರು. ಬಸ್ಸು ತಪ್ಪೀತೆಂದು ಅಂಜಲಿ ಅವಸರ ಮಾಡುವುದು ಹೊರಗಿನಿಂದ ಕೇಳಿಸಿತು.

"ಗಾಳಿಗೀಳಿ ಮೆಟ್ಕೊಂಡೈತೋ ಏನೋ ಮೇಡಂ?" ಪ್ಯಾರಿ ಬೀ ಕೊಳವೆ ತೊಳೆಯುತ್ತಾ ಕೇಳಿದಳು.

"ಏನಿಲ್ಲ ಬಿಡು."

ದಾವಣಗೆರೆಯಲ್ಲಿ ಜೊತೆಗೆ ಓದಿದವಳೊಬ್ಬಳ ಆಸ್ಪತ್ರೆ ಇದೆ. ನಾಳೆ ಮುಂಜಾನೆ ಹೋಗಬೇಕು. ಕಾರು ಬೇಡ, ಡ್ರೈವರಿಗೆ ತಿಳಿಯುತ್ತದೆ, ಬಸ್ಸಿನಲ್ಲೇ ಹೋಗುವುದು. ಹೊಸದುರ್ಗದಲ್ಲಿ ಕ್ಯಾಂಪು ಎಂದರೆ ರಘುನಾಥ್ ಕೆದಕುವವನಲ್ಲ. ಅಲ್ಲಿ ಎಡಮಗ್ಗುಲಾಗಿ ಮಲಗಿ, ಬಾಯಿ ತೆರೆದು, ಪರದೆಯ ಮೇಲೆ ಏನು ಕಂಡರೂ ಕಣ್ಣು ಮುಚ್ಚದೆ ನೋಡಬೇಕು.

ದೇವಿಕಾ ಕೈತೊಳೆದುಕೊಂಡು ಬಂದು ಕೂತು, ಮುಂದಿನವರನ್ನು ಒಳಗೆ ಕಳಿಸಲು ಹೇಳಿದಳು.