ಕಿಟಕಿ ಪಕ್ಕದ ಹಾಸಿಗೆಯ ಸೂಜಿ

ನಗ್ಲಾ ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಅಸ್ಯೂತ್ ಪಟ್ಟಣದ ಕಡೆಯ ಒಂದು ಆಸ್ಪತ್ರೆಯಲ್ಲಿ ಅವಳಿಗೆ ವಾರ್ಡಿನ ಕೆಲಸ. ಅವತ್ತು ಬೆಳಿಗ್ಗೆ ಟ್ರೇ ಒರೆಸಲು ಹೋದಾಗ ಹತ್ತಿಯ ಅಡಿಯಲ್ಲಿದ್ದ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಗ್ಲೌಸಿನೊಳಗೆ ಒಂದು ಹನಿ ರಕ್ತ.

ಸಾಸಿವೆಯಷ್ಟು ಗಾಯ. ಆದರೆ ಸೂಜಿ ಯಾರದು? ಆ ಟ್ರೇಯಿಂದ ಮೂವರು ರೋಗಿಗಳಿಗೆ ಇಂಜೆಕ್ಷನ್ ಕೊಟ್ಟಾಗಿತ್ತು.

"ಹಿಂಡು, ಹಿಂಡು! ಕೆಟ್ಟ ರಕ್ತ ಹೋಗ್ಲಿ," ಎಂದಳು ಗೆಳತಿ ರಬಾಬ್. "ಸ್ಪಿರಿಟ್ ಸುರಿ. ಆಮೇಲೆ ಬಾಯಿ ಮುಚ್ಕೊಂಡಿರು. ಗೊತ್ತಾದ್ರೆ ವಾರ್ಡಿಂದ ಹೊರಗೆ ಹಾಕ್ತಾರೆ."

ಹಿಂಡಬೇಕೋ, ಹಿಂಡಬಾರದೋ? ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಗ್ಲಾ ಪೂರ್ತಿ ಅಂಕ ತೆಗೆದಿದ್ದಳು. ಈಗ ಒಂದಕ್ಷರವೂ ನೆನಪಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಹೆಪಟೈಟಿಸ್ ಲಸಿಕೆ ನಂಗೆ ಎರಡಾಗಿದ್ಯೋ, ಮೂರೋ?"

"ಎರಡೇ. ಮೂರನೇದರ ದಿನ ನಿನ್ನಕ್ಕನ ಮದುವೆ ಗಲಾಟೆ. ಗುಂಡ್ಕಲ್ಲಿನಂಗಿರೋ ಹುಡುಗಿಗೆ ಇನ್ನೊಂದ್ಯಾಕೆ ಅಂತ ನಾನೇ ಬಿಡಿಸ್ದೆ. ಯಾಕೆ ಮಗಳೇ?"

ನಗ್ಲಾ ಫೋನ್ ಇಟ್ಟುಬಿಟ್ಟಳು. ಅಳಬೇಕೋ, ಓಡಬೇಕೋ, ಏನೂ ಆಗಿಲ್ಲವೆಂದು ಮುಂದಿನ ಹಾಸಿಗೆಗೆ ಹೋಗಬೇಕೋ ತಿಳಿಯದೆ ಕಾರಿಡಾರಿನಲ್ಲಿ ನಿಂತಳು. ಪಕ್ಕದಲ್ಲಿ ರಬಾಬ್.

ಸೋಂಕು ತಡೆಯುವ ಕೆಲಸ ನೋಡಿಕೊಳ್ಳುವ ಹಿರಿಯ ನರ್ಸ್ ಇನ್ಸಾಫ್ ಅತ್ತಲೇ ಬಂದರು. ಹುಡುಗಿಯರಿಗೆಲ್ಲ ಅವರು 'ಅಬ್ಲಾ', ಅಂದರೆ ಅಕ್ಕ.

"ಏನೇ, ಬೆರಳನ್ನ ಮೊಟ್ಟೆ ಹಿಡ್ದಂಗೆ ಹಿಡ್ಕೊಂಡಿದ್ದೀಯಾ?"

"ಅಬ್ಲಾ, ಸೂಜಿ ಚುಚ್ತು. ಯಾರದ್ದೋ ಗೊತ್ತಿಲ್ಲ. ಹಿಂಡ್ಲಾ? ನನ್ನನ್ನ ಹೊರಗೆ ಹಾಕ್ತೀರಾ?"

"ಮೊದ್ಲು ನಲ್ಲಿ ಹತ್ರ ನಡಿ." ಸೋಪು ಹಚ್ಚಿಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಸಿದರು. "ಹಿಂಡಬಾರ್ದು, ಸ್ಪಿರಿಟ್ಟೂ ಬೇಡ. ತೊಳ್ಕೊಂಡು ತಕ್ಷಣ ಬಂದು ಹೇಳ್ಬೇಕು."

"ಬಯ್ಯಲ್ವಾ?"

"ಬಯ್ಯೋದು ಸೂಜಿ ಟ್ರೇಯಲ್ಲಿ ಬಿಟ್ಟೋರಿಗೆ."

ರಬಾಬ್ ತಲೆ ತಗ್ಗಿಸಿದಳು. "ನಾನೇ ಅಬ್ಲಾ. ಸೂಜಿ ಡಬ್ಬ ತುಂಬಿತ್ತು. ಆಮೇಲೆ ಹಾಕೋಣ ಅಂತ... ಕಿಟಕಿ ಪಕ್ಕದ ಅಜ್ಜನಿಗೆ ಕೊಟ್ಟಿದ್ದು."

ನಗ್ಲಾ ಗೆಳತಿಯನ್ನೇ ನೋಡಿದಳು. ಕೋಪ ಬಂತೋ, ಕನಿಕರ ಬಂತೋ, ಅವಳಿಗೇ ಗೊತ್ತಾಗಲಿಲ್ಲ.

"ಈಗಲಾದ್ರೂ ಹೇಳಿದ್ಯಲ್ಲ," ಎಂದರು ಅಬ್ಲಾ.

ಅಜ್ಜನನ್ನು ಒಪ್ಪಿಸಿ ರಕ್ತ ಪರೀಕ್ಷೆ ಮಾಡಿಸಿದರು. ಅಜ್ಜನಿಗೆ ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಇತ್ತು. ವೈದ್ಯರು ಅಂದೇ ನಗ್ಲಾಳ ರಕ್ತವನ್ನೂ ಪರೀಕ್ಷಿಸಿ, ಬಾಕಿ ಉಳಿದ ಲಸಿಕೆಯ ಜೊತೆಗೆ ಸೋಂಕು ತಡೆಯುವ ಇನ್ನೊಂದು ಇಂಜೆಕ್ಷನ್ನನ್ನೂ ಬರೆದರು.

ಅಷ್ಟರಲ್ಲಿ, ಮಗಳು ಫೋನ್ ಅರ್ಧಕ್ಕೇ ಇಟ್ಟಿದ್ದಕ್ಕೆ ಹೆದರಿ, ಅಮ್ಮ ಏದುಸಿರು ಬಿಡುತ್ತಾ ಬಂದು ವಿಷಯ ಕೇಳಿದಳು. "ಒಂದು ಸೂಜಿ ಚುಚ್ಚಿದ್ದಕ್ಕೆ ಇನ್ನೂ ಎರಡು ಚುಚ್ತೀರಾ? ಇದ್ಯಾವ ನ್ಯಾಯ?"

"ಅವತ್ತು ಒಂದು ಬಿಡಿಸಿದ್ರಲ್ಲ ತಾಯೀ," ಎಂದರು ಅಬ್ಲಾ, "ಅದಕ್ಕೇ ಇವತ್ತು ಎರಡು."

ಅಮ್ಮ ಮಗಳ ತೋಳಿನ ಬಟ್ಟೆಯನ್ನು ತಾನೇ ಮೇಲೆ ಸರಿಸಿದಳು.

ಆರು ತಿಂಗಳ ನಂತರದ ಪರೀಕ್ಷೆಯಲ್ಲೂ ಸೋಂಕು ಕಾಣಲಿಲ್ಲ. ಈಗ ಮನೆಗೆ ಬರುವ ನರ್ಸಿಂಗ್ ಹುಡುಗಿಯರಿಗೆ ಚಹಾ ಕೊಡುವ ಮುಂಚೆ ಅಮ್ಮ ಕೇಳುತ್ತಾಳೆ: "ಮೂರೂ ಆಯ್ತಾ?"

ನರ್ಸಿಂಗ್, ವೈದ್ಯಕೀಯ, ಲ್ಯಾಬ್, ಏನೇ ಓದುತ್ತಿರಿ, ವಾರ್ಡಿಗೆ ಕಾಲಿಡುವ ಮುಂಚೆ ಲಸಿಕೆ ಪೂರ್ತಿ ಮಾಡಿಸಿಕೊಳ್ಳಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಆ ಕ್ಷಣವೇ ಸೂಜಿ ಡಬ್ಬಕ್ಕೆ ಹಾಕಿ. ತುಂಬಿದ್ದರೆ ಬೇರೆ ಡಬ್ಬ ತರಿಸಿ. ಚುಚ್ಚಿತೋ, ಸೋಪು ನೀರಿನಲ್ಲಿ ತೊಳೆದು ಕೂಡಲೇ ಹೇಳಿ. ಕೆಲವು ಔಷಧಿ ಗಂಟೆಗಳೊಳಗೇ ಬೀಳಬೇಕು. ಏನು ಮಾಡಬೇಕೆಂದು ತೋಚದಿದ್ದರೂ ಸರಿ, ಹೇಳಿಬಿಡಿ. ತೋಚುವವರು ಅಲ್ಲಿದ್ದಾರೆ.